ಆ ಬೆಕ್ಕಿನ ಹಣೆಯ ಮೇಲೆ ನಾಮ ಇದೆ, ನೋಡಿದ್ರಾ?

ಈಗಷ್ಟೇ ಒಂದು ಜಾಹೀರಾತು ನೋಡಿ ಸಿಟ್ಟು ನೆತ್ತಿಗೇರಿದೆ. ಕಲ್ಕತ್ತದ ಕಾಳಿ ದೇವಸ್ಥಾನ ಇರುವ ಕಾಳೀಘಾಟಿನ ಹಳೆಯ ಚಿತ್ರಗಳಲ್ಲಿ ಒಂದು ಬೆಕ್ಕಿದೆ, ಅದನ್ನು ದಿಂಬಿನ ಕವರಿನ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ. ಮಾರಲಿ, ಬೇಡ ಅನ್ನಲ್ಲ. ಆದರೆ ಮುದ್ದಾದ ಬೆಕ್ಕು, ಬಂಗಾಳದ ಜನಪದ ಕಲೆ ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ.

ಅದರ ಬಾಯಿ ನೋಡಿ, ಸಿಗಡಿ ಕಚ್ಚಿಕೊಂಡಿದೆ. ಹಣೆ ನೋಡಿ, ವೈಷ್ಣವರ ನಾಮ. ಮೀನು ಮಾಂಸ ಮುಟ್ಟಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಕದ್ದು ತಿನ್ನುವ ಡೋಂಗಿ ಸನ್ಯಾಸಿ ಅದು! 19ನೇ ಶತಮಾನದ ಕಲ್ಕತ್ತದಲ್ಲಿ ಪಟುವಾ ಚಿತ್ರಕಾರರು ಇದನ್ನು ಮಾರಿದ್ದು ಕಾಳಿ ದೇವಸ್ಥಾನದ ಸುತ್ತಮುತ್ತಲೇ, ದರ್ಶನಕ್ಕೆ ಬಂದ ಭಕ್ತರಿಗೇ. ಎಂಥಾ ಧೈರ್ಯ ಅಲ್ವಾ! ಗಿರಣಿಯ ಅಗ್ಗದ ಕಾಗದ, ಸರಸರನೆ ಎಳೆದ ನಾಲ್ಕು ಗೆರೆ. ಬಡವರೂ ಕೊಂಡು ಮನೆಗೆ ಒಯ್ಯುತ್ತಿದ್ದರು.

ಪಟುವಾಗಳ ಕೈಗೆ ಸಿಕ್ಕಿದ್ದು ಬೆಕ್ಕು ಮಾತ್ರ ಅಲ್ಲ. 1873ರಲ್ಲಿ, ಬಂಗಾಳದ ತಾರಕೇಶ್ವರ ದೇವಸ್ಥಾನದ ಮುಖ್ಯಸ್ಥನಾದ ಮಹಂತನ ಜೊತೆ ಹೆಂಡತಿಗೆ ಸಂಬಂಧ ಇದೆ ಅಂತ ನಬೀನ್ ಎಂಬಾತ ಆಕೆಯ, ಎಲೋಕೇಶಿಯ, ಕತ್ತು ಕತ್ತರಿಸಿದ. ಅವಳಿಗಿನ್ನೂ ಹದಿನಾರರ ಆಸುಪಾಸು. ಪಟುವಾಗಳು ಇಡೀ ಪ್ರಕರಣವನ್ನು ಒಂದೊಂದೇ ಚಿತ್ರವಾಗಿ ಬರೆದರು. ಜೈಲಿಗೆ ಬಿದ್ದ ಮಹಂತ ಗಾಣ ತಿರುಗಿಸುವ ಚಿತ್ರವೂ ಇದೆ. ನಬೀನ್‌ಗೆ ಜೀವಾವಧಿ ಗಡಿಪಾರು ಆಯಿತು, ಜನ ಅರ್ಜಿ ಮೇಲೆ ಅರ್ಜಿ ಹಾಕಿ ಅವನನ್ನು 1875ರಲ್ಲಿ ಬಿಡಿಸಿಕೊಂಡರು. ಎಲೋಕೇಶಿ ಸತ್ತಿದ್ದಳು, ಅವಳ ಪರವಾಗಿ ಅರ್ಜಿ ಹಾಕುವವರು ಯಾರಿದ್ದರು? ಆ ಚಿತ್ರಗಳನ್ನು ಮೊದಲು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇವತ್ತಿಗೂ ಅವಳ ಹೆಸರು ಬರೆಯುವಾಗ ಹೊಟ್ಟೆ ಕಿವುಚುತ್ತೆ. ನಾಳೆ ಇದನ್ನೂ 'ಬಂಗಾಳಿ ದಂಪತಿ' ಅಂತ ಕಾಫಿ ಕಪ್ಪಿನ ಮೇಲೆ ಅಚ್ಚು ಹಾಕಿದರೆ?

ಚಿತ್ರ ಚೆನ್ನಾಗಿದೆ, ಕಣ್ಣಿಗೆ ಖುಷಿ ಕೊಡುತ್ತೆ, ಅಷ್ಟು ಸಾಲದೇ ಅಂತ ಗೆಳೆಯರೊಬ್ಬರು ಕೇಳಿದರು. ಸಾಲದು. ಬೈಗುಳವನ್ನು ಲಾಲಿ ಹಾಡು ಅಂತ ಮಾರಿದ ಹಾಗೆ ಇದು. ಅಚ್ಚಿನ ಅಗ್ಗದ ಚಿತ್ರಗಳು ಬಂದು ಪಟುವಾಗಳ ಹೊಟ್ಟೆಪಾಡು ಹೋಯಿತು. ಉಳಿದ ಚಿತ್ರಗಳ ಅತಿ ದೊಡ್ಡ ಸಂಗ್ರಹ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮಂಥವರ ಕೈಗೆ ಬರುವುದು ಹೆಚ್ಚಾಗಿ ನಕಲೇ. ಅದರಿಂದಲೂ ಅರ್ಥ ಕಿತ್ತರೆ ಏನು ಉಳೀತು?

ಅರ್ಥ ತಿಳಿದರೆ ಆ ಪಟುವಾಗಳ ಜೊತೆ ಜಗಳ ಆಡಬಹುದು ನೋಡಿ. ನನಗೆ ಅದೇ ಜಾಸ್ತಿ ಮುಖ್ಯ. ಗಂಡನನ್ನು ಪೊರಕೆಯಲ್ಲಿ ಬಾರಿಸುವ ಹೆಂಡತಿ, ಗಂಡಸನ್ನು ಕುರಿ ಮಾಡಿ ಎಳೆದೊಯ್ಯುವ ಹೆಣ್ಣು, ಇವೂ ಅವರದೇ ಚಿತ್ರಗಳು. ಬಾಬುಗಳ, ಅಂದರೆ ಕಲ್ಕತ್ತದ ಹೊಸ ಸಿರಿವಂತರ ಸೋಗು, ಶೋಕಿಯನ್ನು ಅಷ್ಟು ಚೆನ್ನಾಗಿ ಹಿಡಿದ ಕೈ, ತಪ್ಪನ್ನು ಎಷ್ಟೋ ಸಲ ಹೆಂಗಸರ ತಲೆಗೇ ಕಟ್ಟಿತು. ಇದು ಅನ್ಯಾಯ ಅಂತ ನಾನು ಅವರಿಗೆ ಮುಖಕ್ಕೆ ಹೇಳಬೇಕು. ಮುದ್ದಾಗಿದೆ ಅಂದ ಮೇಲೆ ಹೊಗಳುವ ಹಾಗೂ ಇಲ್ಲ, ಬೈಯುವ ಹಾಗೂ ಇಲ್ಲ.

ಮಾರುವವರಿಗೆ ಮೆಸೇಜ್ ಹಾಕಿದ್ದೇನೆ, ಚಿತ್ರದ ಅರ್ಥ ಹೇಳುವ ಎರಡೇ ಎರಡು ಸಾಲು ಸೇರಿಸಿ ಅಂತ. ನೀವೂ ಕೇಳಿ.