ತೊಂಬತ್ತೆಂಟು ಸಾವಿರದ ಬಡವರು

"ನೀವು ಬಡವರೇ?" ಎಂದು ಯಾರಾದರೂ ಕೇಳಿದರೆ ತಟ್ಟನೆ ಹೌದು ಅನ್ನಬೇಡಿ. ಕೇಳುತ್ತಿರುವವರು ಯಾವ ಇಲಾಖೆಯವರು ಎಂದು ಮೊದಲು ವಿಚಾರಿಸಿಕೊಳ್ಳಿ.

ಆಹಾರ ಇಲಾಖೆಯವರಾದರೆ ಧೈರ್ಯವಾಗಿ ಹೇಳಬಹುದು. ವರ್ಷಕ್ಕೆ 1.2 ಲಕ್ಷದೊಳಗೆ ದುಡಿಯುವ ಕುಟುಂಬ ಕರ್ನಾಟಕದಲ್ಲಿ ಬಿಪಿಎಲ್. ಅದೇ ಮನೆಯ ಮಗಳು ಪಿಯುಸಿ ಮುಗಿಸಿ, ಬಿಕಾಂ ಸೇರಿ, 2ಎ ಪ್ರವರ್ಗದಲ್ಲಿ ವಿದ್ಯಾರ್ಥಿವೇತನ ಕೇಳಲು ಹೋದಳು ಅನ್ನಿ. ಹಿಂದುಳಿದ ವರ್ಗಗಳ ಇಲಾಖೆಯ ಸುತ್ತೋಲೆಗಳಲ್ಲಿ ಆ ಪ್ರವರ್ಗಕ್ಕೆ ವರ್ಷಗಟ್ಟಲೆ ಇದ್ದ ಮಿತಿ 1 ಲಕ್ಷ. ಅಂದರೆ ಮನೆಯ ಆದಾಯ ಈ ಎರಡು ಮಿತಿಗಳ ನಡುವೆ ಇದ್ದರೆ, ಅಕ್ಕಿ ತರಲು ಚೀಲ ಹಿಡಿದು ಹೋದ ಅಪ್ಪ ಬಡವ, ಅರ್ಜಿ ಹಿಡಿದು ಹೋದ ಮಗಳು ಸಾಹುಕಾರನ ಮಗಳು. ಇಬ್ಬರೂ ಒಂದೇ ಮನೆಯವರು, ಊಟ ಮಾಡುವುದು ಅದೇ ಅಕ್ಕಿಯದು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಬಡತನ 2.5 ಲಕ್ಷಕ್ಕೆ ಮುಗಿಯುತ್ತದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ವರ್ಷಕ್ಕೆ 12,000 ಪಡೆಯುವ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದಲ್ಲಿ 3.5 ಲಕ್ಷದವರೆಗೂ ಬಡವರು. ಕೇಂದ್ರ ವಲಯದ ವಿದ್ಯಾರ್ಥಿವೇತನದಲ್ಲಿ 4.5 ಲಕ್ಷದವರೆಗೆ. ಮೇಲ್ವರ್ಗದ ಆರ್ಥಿಕ ದುರ್ಬಲರ ಮೀಸಲಾತಿಗೆ ಹೋದರೆ 8 ಲಕ್ಷದ ತನಕ ದುರ್ಬಲರಾಗಿಯೇ ಇರಲು ಅವಕಾಶವಿದೆ. ಆದಾಯ ತೆರಿಗೆಯವರದ್ದಂತೂ ಇನ್ನೂ ದೊಡ್ಡ ಮನಸ್ಸು. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷ ಸಂಬಳದವನ ಹತ್ತಿರವೂ "ಪಾಪ, ಇವನೇನು ಕೊಟ್ಟಾನು" ಎಂದು ಏನೂ ಕೇಳುವುದಿಲ್ಲ. ಈ ದೇಶದಲ್ಲಿ ಬಡವನಾಗಬೇಕೆಂದಿದ್ದರೆ ಸ್ವಲ್ಪ ಅನುಕೂಲಸ್ಥನಾಗಿರುವುದು ಒಳ್ಳೆಯದು.

1 ಲಕ್ಷ ಅಂದರೆ ಎಷ್ಟು ಎಂಬುದನ್ನು ಗಾರೆ ಕೆಲಸದವನ ಲೆಕ್ಕದಲ್ಲಿ ನೋಡೋಣ. ದಿನಗೂಲಿ 500 ಅಂತ ಇಟ್ಟುಕೊಳ್ಳಿ. ಇನ್ನೂರು ದಿನಕ್ಕೆ ಸರಿಯಾಗಿ ಒಂದು ಲಕ್ಷ. ಇನ್ನೂರ ಒಂದನೇ ದಿನ ಬೆಳಗ್ಗೆ ಕೆಲಸಕ್ಕೆ ಹೊರಟರೆ ಸಂಜೆಯ ಹೊತ್ತಿಗೆ ಆತ ಶ್ರೀಮಂತ. ಹಾಗಾಗಿ ಮಕ್ಕಳನ್ನು ಓದಿಸಬೇಕೆಂಬ ಆಸೆಯಿರುವ ಗಾರೆಯವನು ಇನ್ನೂರನೇ ದಿನ ಕರಣೆ ತೊಳೆದಿಟ್ಟು, ಉಳಿದ ನೂರ ಅರವತ್ತೈದು ದಿನ ಮನೆಯಲ್ಲಿ ಕೂತು ಅರ್ಹತೆ ಕಾಪಾಡಿಕೊಳ್ಳತಕ್ಕದ್ದು. ಹೆಂಡತಿಯೂ ಅಷ್ಟೇ ಕೂಲಿಗೆ ಹೋಗುವವಳಾದರೆ ನೂರನೇ ದಿನಕ್ಕೇ ಇಬ್ಬರೂ ಒಟ್ಟಿಗೆ ನಿವೃತ್ತಿ.

ನಿಜದಲ್ಲಿ ಹೀಗೆ ಯಾರೂ ಕೂರುವುದಿಲ್ಲ. ಯಾಕೆಂದರೆ ಆದಾಯ ನಿರ್ಧಾರವಾಗುವುದು ಕೆಲಸದ ಜಾಗದಲ್ಲಲ್ಲ, ಕೌಂಟರಿನಲ್ಲಿ. ಒಂದು ನಾಡಕಚೇರಿಯ ಕಿಟಕಿಯ ಮುಂದೆ ನಾನು ಕೇಳಿಸಿಕೊಂಡದ್ದು:

"ಯಾತಕ್ಕೆ ಅಕ್ಕಾ, ಇನ್‌ಕಮ್ಮು?"

"ಮಗಳ ಸ್ಕಾಲರ್‌ಶಿಪ್ಪಿಗೆ ಕಣಪ್ಪ."

"ಕೆಟಗರಿ?"

"ಟೂ ಎ."

"ಸರಿ, ತೊಂಬತ್ತೆಂಟು."

"ಏನಪ್ಪಾ ತೊಂಬತ್ತೆಂಟು?"

"ನಿಮ್ಮ ವರ್ಷದ ಆದಾಯ ಅಕ್ಕಾ. ತೊಂಬತ್ತೆಂಟು ಸಾವಿರ."

"ಅಯ್ಯೋ, ನಮಗೇ ಗೊತ್ತಿರಲಿಲ್ಲ ನೋಡು!"

ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವರದ್ದೂ ತೊಂಬತ್ತೆಂಟು, ಅವರ ಹಿಂದಿನವರದ್ದೂ ತೊಂಬತ್ತೆಂಟು. ಒಂದು ಹೋಬಳಿಗೆ ಹೋಬಳಿಯೇ ಒಂದೇ ಸಂಬಳಕ್ಕೆ ದುಡಿಯುವ ಇಂಥ ಸಮಾನತೆಯನ್ನು ರಷ್ಯಾದಲ್ಲೂ ತರಲು ಆಗಲಿಲ್ಲ. ಮಧ್ಯೆ ಒಬ್ಬರು ಮೇಷ್ಟರಂತೆ ಕಾಣುತ್ತಿದ್ದವರು ತಮ್ಮ ನಿಜವಾದ ಆದಾಯವನ್ನು ಹೇಳಿದರು. ಕೌಂಟರಿನ ಹುಡುಗ ಕೀಲಿಮಣೆಯಿಂದ ಕೈ ತೆಗೆದು, "ಸಾರ್, ಒಂದ್ಸಲ ಮನೇಲಿ ಕೇಳ್ಕೊಂಡು ಬನ್ನಿ" ಅಂದ. ಸುಳ್ಳು ಹೇಳಿ ಅಂತ ಅವನು ಅನ್ನಲಿಲ್ಲ, ಅಷ್ಟು ಮರ್ಯಾದೆ ಇತ್ತು. ನಿಜ ಹೇಳಿದವನ ಮಗ ಫೀಸು ಕಟ್ಟಬೇಕು, ಅಂಕಿ ತಿಳಿದವನ ಮಗಳು ಕಟ್ಟಬೇಕಿಲ್ಲ ಎಂಬುದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತು. ಮಿತಿಯನ್ನು ಅಷ್ಟು ಕೆಳಗೆ ಇಟ್ಟವರು ಮಾತ್ರ ಸಾಲಿನಲ್ಲಿ ನಿಂತಿರುವುದಿಲ್ಲ. ಇಷ್ಟಾಗಿ, ಈ ಪತ್ರ ಸಿಕ್ಕರೆ ಐದು ವರ್ಷ ಚಾಲ್ತಿ. ಐದು ವರ್ಷ ನೀವು ಬಡವರೇ ಎಂದು ಸರ್ಕಾರ ಬರೆದುಕೊಡುತ್ತದೆ. ಐದು ಗ್ಯಾರಂಟಿಗಳನ್ನು ಎಣಿಸಿದವರು ಈ ಆರನೆಯದನ್ನು ಯಾಕೋ ಮರೆತರು.

ಪತ್ರ ಕೈಗೆ ಬಂತು, ಇನ್ನು ಅರ್ಜಿ. ಅದಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಿದೆ. ಕೇಂದ್ರದ್ದು ಬೇಕಾದರೆ ಎನ್‌ಎಸ್‌ಪಿ ಬೇರೆ. ಎಸ್‌ಎಸ್‌ಪಿಯಲ್ಲಿ ಜಾತಿ, ಆದಾಯ ಪತ್ರಗಳ ಆರ್‌ಡಿ ಸಂಖ್ಯೆ ಹೊಡೆದರೆ ಅದರ ವಿವರವೆಲ್ಲ ತಾನಾಗಿಯೇ ತೆರೆದುಕೊಳ್ಳುತ್ತದೆ. ಒಳ್ಳೆಯದೇ. ಆದರೆ ಸಂಖ್ಯೆ ಹೊಡೆದರೆ ಬರುವಂತಿದ್ದರೆ ಆ ಕಾಗದ ಮೊದಲಿನಿಂದಲೂ ಸರ್ಕಾರದ ಬಳಿಯೇ ಇತ್ತಲ್ಲ? ಹುಡುಗಿ ಒಂದನೇ ಕ್ಲಾಸಿಗೆ ಸೇರಿದ ದಿನದಿಂದ ಶಾಲಾ ಮಕ್ಕಳ ಲೆಕ್ಕವಿಡುವ ಸ್ಯಾಟ್ಸ್ ತಂತ್ರಾಂಶ ಅವಳನ್ನು ಬಲ್ಲದು. ಮನೆಯಲ್ಲಿ ಎಷ್ಟು ಜನ ಎಂಬುದನ್ನು 'ಕುಟುಂಬ' ತಂತ್ರಾಂಶ ಬಲ್ಲದು. ಜಮೀನು ಎಷ್ಟು ಗುಂಟೆ ಎಂದು 'ಭೂಮಿ'ಗೆ ಗೊತ್ತು, ಏನು ಬೆಳೆದಿದ್ದಾರೆ ಎಂದು ಬೆಳೆ ಸಮೀಕ್ಷೆಗೆ ಗೊತ್ತು. ಇವರೆಲ್ಲ ವಿಧಾನಸೌಧದ ಸುತ್ತಮುತ್ತ ಅಕ್ಕಪಕ್ಕದಲ್ಲೇ ಇರುವವರು. ಜಗಳವಾಡಿ ಮಾತುಬಿಟ್ಟ ಅಣ್ಣತಮ್ಮಂದಿರ ಹಾಗೆ ಒಬ್ಬರಿಗೊಬ್ಬರು ನೇರವಾಗಿ ಏನನ್ನೂ ಹೇಳುವುದಿಲ್ಲ, ನಡುವೆ ಹದಿನೆಂಟರ ಹುಡುಗಿಯೊಬ್ಬಳು ಓಡಾಡಿ ಅವನು ಹೀಗಂದ, ಇವನು ಹಾಗಂದ ಎಂದು ತಲುಪಿಸಬೇಕು. ಅವಳು ಕೇಳುತ್ತಿರುವ ವಿದ್ಯಾರ್ಥಿವೇತನವನ್ನು ಓಡಾಟದ ಕೂಲಿ ಎಂದೇ ಕೊಟ್ಟುಬಿಟ್ಟರೆ ಅರ್ಹತೆಯ ಪ್ರಶ್ನೆಯೇ ಏಳುವುದಿಲ್ಲ.

ಓಡಾಡಿದರೂ ಹೆಸರು ಕೂಡಿಬರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ಅಲ್ಲಿ ಲಕ್ಷ್ಮಿಗೆ ಕೆ, ಎಸ್, ಎಚ್. ಇಲ್ಲಿ ಬರೀ ಎಕ್ಸ್. ಹೆಸರಿಟ್ಟ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದು ಅವಳ ಮೊದಲ ತಪ್ಪು. ಅಂಕಪಟ್ಟಿ ಸರಿಮಾಡಿಸಬೇಕಾದರೆ ಓದಿದ ಶಾಲೆಯಿಂದ ಹಿಡಿದು ಮಂಡಳಿಯವರೆಗೆ ಹೋಗಬೇಕು. ಆಧಾರ್ ಸರಿಮಾಡಿಸಬೇಕಾದರೆ ದಾಖಲೆ ಬೇಕು, ದಾಖಲೆ ಏನೆಂದರೆ ಅದೇ ಅಂಕಪಟ್ಟಿ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರಿಗೆ ಒಟಿಪಿ ಹೋಗುತ್ತದೆ. ಆ ಮೊಬೈಲು ಅಪ್ಪನ ಜೇಬಿನಲ್ಲಿ, ಅಪ್ಪ ಸೆಂಟ್ರಿಂಗ್ ಹಲಗೆಯ ಮೇಲೆ. ಅವನು ಕೈ ಒರೆಸಿಕೊಂಡು ಆರು ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿರುತ್ತದೆ.

ವಿದ್ಯಾಸಿರಿ ಎಂಬ ಯೋಜನೆಯದ್ದು ಬೇರೆಯೇ ಸೊಗಸು. ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವುದಾಗಿ ಶುರುವಾದದ್ದು. ದಿನಕ್ಕೆ 50 ರೂಪಾಯಿ, ಅದರಲ್ಲೇ ಮೂರು ಹೊತ್ತು ಊಟ, ಒಂದು ಸೂರು. ಅದಕ್ಕೆ ನಿಬಂಧನೆ ಏನೆಂದರೆ, ಊರು ಕಾಲೇಜಿನಿಂದ ಕನಿಷ್ಠ 5 ಕಿಲೋಮೀಟರ್ ದೂರ ಇರಬೇಕು. ನಾಲ್ಕೂಮುಕ್ಕಾಲು ಕಿಲೋಮೀಟರಿನ ಹುಡುಗನಿಗೆ ಹಸಿವಾಗುವುದಿಲ್ಲ ಎಂಬುದು ಇಲಾಖೆಯ ಸಂಶೋಧನೆ. ಅವನ ಊರಿಗೆ ಬಸ್ಸಿಲ್ಲ ಎಂಬುದು ಸಾರಿಗೆ ಇಲಾಖೆಗೆ ಸಂಬಂಧಪಟ್ಟ ವಿಷಯ, ಇದರಲ್ಲಿ ತರಬಾರದು.

ರೈತರ ಮಕ್ಕಳಿಗೆಂದು 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಬಂತು. ಪಿಯುಸಿ ಓದುವ ಹುಡುಗನಿಗೆ 2,500, ಹುಡುಗಿಗೆ 3,000. ಡಿಗ್ರಿಗೆ 5,000 ಮತ್ತು 5,500. ಒಳ್ಳೆಯ ಯೋಜನೆಯೇ, ಅರ್ಜಿಯ ಕಾಟವೂ ಕಡಿಮೆ. ಆದರೆ ಅಪ್ಪ ರೈತ ಎಂದು ಕಂಪ್ಯೂಟರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ, ಅಂದರೆ ರೈತನ ಗುರುತಿನ ಸಂಖ್ಯೆ ಬೇಕು. ಎಫ್‌ಐಡಿಗೆ ಪಹಣಿ ಬೇಕು, ಆಧಾರ್ ಬೇಕು. ಅಪ್ಪನ ಬಳಿ ಆಧಾರ್ ಇದೆ, ಪಹಣಿ ಇಲ್ಲ. ಪಹಣಿಯಲ್ಲಿರುವುದು ಅಜ್ಜನ ಹೆಸರು. ಆಧಾರ್ ಈ ದೇಶಕ್ಕೆ ಕಾಲಿಡುವ ಮೊದಲೇ ಅಜ್ಜ ಹೊರಟುಹೋಗಿದ್ದಾನೆ. ದಾಖಲೆಯ ಪ್ರಕಾರ ಆ ಜಮೀನನ್ನು ಉಳುತ್ತಿರುವುದು ಸತ್ತವನು, ಬದುಕಿರುವವನು ಸುಮ್ಮನೆ ಬಿಸಿಲಲ್ಲಿ ನಿಂತಿರುತ್ತಾನೆ. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಮಾಡಿಸಿ ಅನ್ನುತ್ತಾರೆ. ಪೌತಿಗೆ ವಂಶವೃಕ್ಷ ಬೇಕು. ವಂಶವೃಕ್ಷ ಅಂದ ಕೂಡಲೇ ಇಪ್ಪತ್ತು ವರ್ಷ ಹಬ್ಬಕ್ಕೂ ಬಾರದಿದ್ದ ಚಿಕ್ಕಪ್ಪ ಮೊದಲ ಬಸ್ಸಿಗೇ ಬರುತ್ತಾನೆ, ಸಹಿ ಮಾತ್ರ ಹಾಕುವುದಿಲ್ಲ. ಸೋದರತ್ತೆಯರಿಗೆ ಅವರ ಮಕ್ಕಳು ಹಕ್ಕು ನೆನಪಿಸುತ್ತಾರೆ. 2,500 ರೂಪಾಯಿ ಕೇಳಲು ಹೊರಟ ಹುಡುಗ ಮೂರೂವರೆ ಎಕರೆಯ ದಾವೆಯಲ್ಲಿ ಪ್ರತಿವಾದಿಯಾಗುತ್ತಾನೆ. ಅವನೇ ಎಲ್‌ಎಲ್‌ಬಿ ಸೇರಿ ಕೇಸು ನಡೆಸಿದರೆ ಲಾಭ ಉಂಟು: ಅದೇ ಯೋಜನೆಯಲ್ಲಿ ಕಾನೂನು ಓದುವ ಹುಡುಗರಿಗೆ 7,500.

ಹಣ ಮಂಜೂರಾಯಿತು ಅನ್ನೋಣ. ಮಂಜೂರಾದದ್ದಕ್ಕೂ ಖಾತೆಗೆ ಬಂದದ್ದಕ್ಕೂ ನಡುವೆ ಆಧಾರ್ ಸೀಡಿಂಗ್ ಎಂಬ ಕಣಿವೆಯಿದೆ. ಬ್ಯಾಂಕಿನ ಮ್ಯಾನೇಜರು "ಲಿಂಕ್ ಆಗಿದೆಯಲ್ಲಮ್ಮಾ" ಅನ್ನುತ್ತಾರೆ, ಇಲಾಖೆಯವರು "ಸೀಡ್ ಆಗಿಲ್ಲ" ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರಿಗೆ ಆ ಬ್ಯಾಂಕು ಸೇರುವುದು ಬೇರೆ. ಆ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಗೆ ಯಾವುದು ಸೇರಿತೋ ಅದು. ಹಾಗಾಗಿ ಯಾವ ಕಾಲದಲ್ಲೋ ಜಾತ್ರೆಯಲ್ಲಿ ಕೊಡೆಯ ಕೆಳಗೆ ಕೂತವನ ಹತ್ತಿರ ಸಿಮ್ ಕೊಂಡಾಗ ಹೆಬ್ಬೆಟ್ಟಿನ ಜೊತೆಗೇ ತೆರೆದುಕೊಂಡ ಖಾತೆಯೊಂದಕ್ಕೆ ಹಣ ಹೋಗಿ ಕೂತಿರುವುದೂ ಉಂಟು. ಆ ಸಿಮ್ಮು ಈಗ ಎಲ್ಲಿದೆಯೋ ಗೊತ್ತಿಲ್ಲ. ಸರ್ಕಾರದ ಲೆಕ್ಕದಲ್ಲಿ 'ಯಶಸ್ವಿಯಾಗಿ ಪಾವತಿಸಲಾಗಿದೆ'.

ವಿದೇಶಕ್ಕೆ ಹೋಗಿ ಓದುವವರ ಪಾಡು ಇದಕ್ಕಿಂತ ಮೇಲಿರಬಹುದು ಎಂದುಕೊಂಡಿದ್ದೆ. ಪರಿಶಿಷ್ಟ ಜಾತಿ ಮುಂತಾದ ಸಮುದಾಯಗಳವರಿಗೆ ಕೇಂದ್ರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮವನ್ನು 2022ರಲ್ಲಿ ತಿದ್ದಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಅಧ್ಯಯನ ಇವುಗಳ ಮೇಲೆ ಸಂಶೋಧನೆ ಮಾಡುವವರಿಗೆ ಹಣವಿಲ್ಲ, ಅದನ್ನು ಇಲ್ಲೇ ಓದಬಹುದಲ್ಲ ಎಂದು. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿಗೆ ಹೋದ ಒಬ್ಬ ಯುವಕ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆಯೇ ಪ್ರಬಂಧ ಓದಿದ್ದ. ಹೆಸರು ಭೀಮರಾವ್ ಅಂಬೇಡ್ಕರ್. ಇವತ್ತು ಅರ್ಜಿ ಹಾಕಿದ್ದರೆ 'ವಿಷಯ ಅರ್ಹತೆಗೆ ಒಳಪಡುವುದಿಲ್ಲ' ಎಂದು ಸಂದೇಶ ಬರುತ್ತಿತ್ತು. ಬರೋಡದ ಸಯಾಜಿರಾವ್ ಮಹಾರಾಜರ ಬಳಿ ಪೋರ್ಟಲ್ ಇರಲಿಲ್ಲ, ನಮ್ಮ ಪುಣ್ಯ.

ಸರ್ಕಾರದ ಸಹವಾಸವೇ ಬೇಡ ಅನ್ನುವವರಿಗೆ ಸಮುದಾಯದ ಸಂಘಗಳ ಪ್ರತಿಭಾ ಪುರಸ್ಕಾರ ಇದೆ. ಇಲ್ಲಿ ಅರ್ಹತೆ ಸರಳ: ನಮ್ಮವರಾಗಿರಬೇಕು, 85ಕ್ಕೆ ಮೇಲೆ ಅಂಕ ಬಂದಿರಬೇಕು, ಅಪ್ಪ ಅಮ್ಮನ ಸಮೇತ ಹತ್ತು ಗಂಟೆಗೆ ಸಮುದಾಯ ಭವನದಲ್ಲಿ ಹಾಜರಿರಬೇಕು. ಉದ್ಘಾಟಕರು ಒಂದೂವರೆಗೆ ಬರುತ್ತಾರೆ. ವೇದಿಕೆಯ ಮೇಲಿರುವ ಇಪ್ಪತ್ತಾರು ಗಣ್ಯರಿಗೂ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಸಮಾಜ ಶೈಕ್ಷಣಿಕವಾಗಿ ಮುಂದೆ ಬರಬೇಕೆಂದು ಇಪ್ಪತ್ತಾರು ಜನವೂ ಹೇಳುತ್ತಾರೆ. ಮೂರೂಮುಕ್ಕಾಲಿಗೆ ವಿದ್ಯಾರ್ಥಿಗಳನ್ನು "ಬೇಗ ಬೇಗ ಬನ್ನಿ" ಎಂದು ಹತ್ತತ್ತು ಜನರಂತೆ ಕರೆದು ಒಂದೊಂದು ಕವರು ಕೊಡುತ್ತಾರೆ. ಫೋಟೋದಲ್ಲಿ ಕವರಿನ ಮೇಲೆ ಒಂಬತ್ತು ಕೈಗಳಿರುತ್ತವೆ, ಹುಡುಗಿಯದ್ದು ಯಾವುದು ಎಂದು ಅವಳ ಅಮ್ಮ ಬಳೆ ನೋಡಿ ಗುರುತಿಸಬೇಕು. ಕವರಿನೊಳಗೆ ಸಾವಿರ ರೂಪಾಯಿ. ಬಂದು ಹೋಗುವ ಬಸ್ ಖರ್ಚು, ಅಪ್ಪ ಬಿಟ್ಟ ಒಂದು ದಿನದ ಕೂಲಿ ಕಳೆದರೆ ಉಳಿಯುವುದು ಪ್ರತಿಭೆ.

ಇಷ್ಟೆಲ್ಲದರ ನಡುವೆ ಅರ್ಹತೆಯನ್ನು ಎಂಥವರಿಗೂ ಅರ್ಥವಾಗುವಂತೆ ಹೇಳಿರುವ ಒಂದೇ ಒಂದು ವಿದ್ಯಾರ್ಥಿವೇತನ ನಾನು ಕಂಡದ್ದು ವಾಟ್ಸಾಪಿನಲ್ಲಿ. ವರ್ಷ ವರ್ಷ ಫಲಿತಾಂಶದ ಕಾಲಕ್ಕೆ ಮುಂಗಾರಿನಂತೆ ತಪ್ಪದೆ ಬರುತ್ತದೆ. ಅಬ್ದುಲ್ ಕಲಾಂ ಮತ್ತು ವಾಜಪೇಯಿಯವರ ಹೆಸರಿನಲ್ಲಿ, ಹತ್ತನೇ ತರಗತಿಯಲ್ಲಿ 75 ದಾಟಿದವರಿಗೆ 10,000, ಪಿಯುಸಿಯಲ್ಲಿ 85 ದಾಟಿದವರಿಗೆ 25,000, ಅರ್ಜಿ ನಗರಸಭೆಯಲ್ಲಿ ಸಿಗುತ್ತದೆ, ಎಲ್ಲ ಗುಂಪುಗಳಿಗೂ ಕಳಿಸಿ. ಆದಾಯ ಮಿತಿಯಿಲ್ಲ, ಆರ್‌ಡಿ ಸಂಖ್ಯೆ ಇಲ್ಲ, ಐದು ಕಿಲೋಮೀಟರಿನ ಗೆರೆ ಇಲ್ಲ, ಅಜ್ಜನ ತಂಟೆ ಇಲ್ಲ. ಇರುವ ಕೊರತೆ ಒಂದೇ, ಅಂಥ ಯೋಜನೆಯೇ ಇಲ್ಲ. ನಂಬಿ ಹೋದವರನ್ನು ನಗರಸಭೆಯವರು ಗದರಿಸಿ ಕಳಿಸುತ್ತಾರೆ.

ಯಾರೋ ಕಿಡಿಗೇಡಿ ಬರೆದದ್ದು, ಸೈಬರ್ ಪೊಲೀಸರು ಅವನನ್ನು ಒಂದು ದಿನ ಹಿಡಿದಾರು. ಹಿಡಿದರೆ ದಯವಿಟ್ಟು ಜೈಲಿಗೆ ಹಾಕಬೇಡಿ. ಯಾರಿಗೆ, ಎಷ್ಟು, ಎಲ್ಲಿ ಎಂಬುದನ್ನು ಐದು ಸಾಲಿನಲ್ಲಿ ಬರೆಯಬಲ್ಲ ಇನ್ನೊಬ್ಬ ಮನುಷ್ಯ ಸಚಿವಾಲಯದಲ್ಲಿ ಇದ್ದಂತಿಲ್ಲ. ಅವನನ್ನೇ ಸುತ್ತೋಲೆ ಬರೆಯಲು ಕೂರಿಸಿ, ತಿಂಗಳಿಗೆ ಇಂತಿಷ್ಟು ಅಂತ ಸಂಬಳ ಕೊಡಿ. ಅವನ ಖಾತೆ ಸೀಡ್ ಆಗಿದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.