ಹೊಸ ವ್ಯಾಗನ್ನಿಗೆ ಹಳೇ ತುಕ್ಕು

ಆಯುಧಪೂಜೆ ಬಂತೆಂದರೆ ಮೈಸೂರಿನಲ್ಲಿ ಕೊಳೆಗೆ ಉಳಿಗಾಲವಿಲ್ಲ. ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲವೂ ಮೈ ತೊಳೆಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ನಿಲ್ಲುತ್ತವೆ. ಇಂಥ ಊರಿನಲ್ಲಿ, ಕುವೆಂಪುನಗರದ ಒಂದು ಮಹಡಿ ರೂಮಿನಲ್ಲಿ ಕೂತು, ದುಡ್ಡು ಕೊಟ್ಟು ತಂದ ಹೊಚ್ಚಹೊಸ ಆಟಿಕೆ ರೈಲಿಗೆ ಕೊಳೆ ಬಳಿಯುವವನೊಬ್ಬನಿದ್ದಾನೆ. ನನ್ನ ಭಾವಮೈದ. ಆಟಿಕೆ ಅಂದರೆ ಅವನಿಗೆ ಸಿಟ್ಟು. ಮಾಡೆಲ್ ಅನ್ನಬೇಕು.

ಪ್ಯಾಸೆಂಜರ್ ಬೋಗಿಗಳ ಮೇಲೆ ಅವನಿಗೆ ಅಷ್ಟು ಆಸೆಯಿಲ್ಲ. ಗೂಡ್ಸ್ ವ್ಯಾಗನ್ನೇ ಬೇಕು. ಅಸಲಿಯ 87ನೇ ಒಂದು ಭಾಗದ ಅಳತೆ, ಎಚ್‌ಓ ಅನ್ನುತ್ತಾರೆ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ನಿಜದಲ್ಲಿ ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಇವನ ಮೇಜಿನ ಮೇಲೆ ಅದು ಹನ್ನೆರಡು ಸೆಂಟಿಮೀಟರ್. ಈ ಲೆಕ್ಕವೇ ದೊಡ್ಡ ತಲೆನೋವು. ಕುಂಚ ಸ್ವಲ್ಪ ಜಾರಿ ಒಂದು ಮಿಲಿಮೀಟರ್ ಚುಕ್ಕೆ ಬಿತ್ತು ಅನ್ನಿ. ಅಸಲಿ ವ್ಯಾಗನ್ನಿನ ಮೇಲೆ ಅದು ಅಂಗೈಯಗಲದ ತುಕ್ಕು. ಹಾಗಾಗಿ ಅವನು ಉಸಿರು ಬಿಗಿಹಿಡಿದು ಬಣ್ಣ ಇಡುತ್ತಾನೆ. ಆಗ ಕಾಫಿ ಬೇಕಾ ಅಂತಲೂ ಕೇಳುವ ಹಾಗಿಲ್ಲ. (ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವೆ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ ಬರಬೇಕು. ಅವನ ಹಳಿ ಇರುವುದು 16.5. ಇದನ್ನಂತೂ ಕೇಳಲೇಬಾರದು.)

ಕೊಳೆ ಮಾಡೋದೇನು ಮಹಾ, ಸುಮ್ನೆ ಮಣ್ಣು ಎರಚಿದರಾಯಿತು ಅಂದುಕೊಂಡಿದ್ದೆ. ಅವನ ಪ್ರಕಾರ ಪ್ರತಿಯೊಂದು ಕಲೆಗೂ ಒಂದು ಕಾರಣ ಇರಬೇಕು. ತುಕ್ಕು ಹುಟ್ಟೋದು ನೀರು ನಿಲ್ಲುವ ಮೂಲೆಯಲ್ಲಿ, ಬಣ್ಣ ಕಿತ್ತುಹೋದ ಅಂಚಿನಲ್ಲಿ. ಅಲ್ಲಿಂದ ಮಳೆನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ, ಅಡ್ಡಡ್ಡ ಹರಿಯಲ್ಲ. ಟ್ಯಾಂಕ್ ವ್ಯಾಗನ್ನಾದರೆ ಮೇಲಿನ ಮುಚ್ಚಳದ ಸುತ್ತ ಚೆಲ್ಲಿದ ಎಣ್ಣೆ ಹೊಟ್ಟೆಯ ಮೇಲೆ ಕಪ್ಪಗೆ ಗೆರೆ ಎಳೆದಿರುತ್ತದೆ. ಸಿಮೆಂಟ್ ಹೊರುವ ಮುಚ್ಚಿದ ವ್ಯಾಗನ್ನಿಗೆ ಬಾಗಿಲ ಕೆಳಗೆ ಬೂದುಬಿಳಿ ಪುಡಿ. ಕಲ್ಲಿದ್ದಲಿನದಕ್ಕೆ ಒಳಗೋಡೆಯೇ ಮುಖ್ಯ, ತುಂಬಿ ಇಳಿಸಿ ಉಜ್ಜಿಹೋಗಿರುತ್ತದಲ್ಲ. ಚಕ್ರದ ಮುಖವೆಲ್ಲ ಕಂದು ಧೂಳು. ಹಳಿ ಮುಟ್ಟುವ ಪಟ್ಟಿ ಮಾತ್ರ ಬೆಳ್ಳಗೆ ಹೊಳೆಯಬೇಕು.

ಇದನ್ನೆಲ್ಲ ಕಲಿಯಲು ಅವನನ್ನು ನಮ್ಮ ರೈಲ್ವೆ ಮ್ಯೂಸಿಯಮ್ಮಿಗೆ ಕರೆದೊಯ್ದೆ. 1979ರಲ್ಲಿ ಶುರುವಾದದ್ದು. ಹಳೇ ಎಂಜಿನ್ನುಗಳಿವೆ, 1899ರ ಮಹಾರಾಣಿ ಸಲೂನಿದೆ. ಅವನು ಮುಖ ಸಿಂಡರಿಸಿದ. ಎಲ್ಲಕ್ಕೂ ಚೆನ್ನಾಗಿ ಬಣ್ಣ ಹೊಡೆದಿದ್ದಾರಂತೆ. ಮಂಡ್ಯ ಸ್ಟೇಷನ್ನಿನ ಪ್ಲಾಟ್‌ಫಾರಂ ಬೆಂಚೇ ಅವನಿಗೆ ವಾಸಿ. ಗೂಡ್ಸ್ ಹೋಗುವಾಗ ಬೇರೆಯವರು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡರೆ ಇವನು ಎದ್ದು ನಿಲ್ಲುತ್ತಾನೆ.

ಸಾಮಾನೇನೂ ದೊಡ್ಡದಲ್ಲ. ಪೇಸ್ಟಲ್ ಕಡ್ಡಿ ಉಜ್ಜಿದ ಪುಡಿ, ಹಳೇ ಟೂತ್‌ಬ್ರಷ್, ಪಾತ್ರೆ ತೊಳೆಯುವ ಸ್ಪಂಜಿನ ಚೂರು. ಸ್ಪಂಜಿನ ತುದಿಗೆ ಬಣ್ಣ ತಾಗಿಸಿ, ಮುಕ್ಕಾಲು ಪಾಲು ಪೇಪರಿಗೆ ಒರೆಸಿ, ಉಳಿದದ್ದನ್ನು ಅಂಚಿಗೆ ಒತ್ತಿದರೆ ಚಕ್ಕೆ ಎದ್ದ ಬಣ್ಣ ತಯಾರು. ನನಗೆ ಮಜಾ ಅನ್ನಿಸಿದ್ದು ಹೇರ್‌ಸ್ಪ್ರೇ. ಮೊದಲು ತುಕ್ಕಿನ ಬಣ್ಣ. ಅದರ ಮೇಲೆ ಹೇರ್‌ಸ್ಪ್ರೇ. ಅದರ ಮೇಲೆ ವ್ಯಾಗನ್ನಿನ ಅಕ್ರಿಲಿಕ್ ಬಣ್ಣ. ಆಮೇಲೆ ನೀರು ತಾಗಿಸಿ ಕುಂಚದಲ್ಲಿ ಕೆರೆದರೆ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಏಳುತ್ತದೆ, ಒಳಗಿನ ತುಕ್ಕು ಇಣುಕುತ್ತದೆ. ಹೇರ್‌ಸ್ಪ್ರೇ ಡಬ್ಬಿ ಯಾರದ್ದು ಅನ್ನುವ ವಿಷಯ ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಅವನ ಪಕ್ಕದ ಮನೆಯಲ್ಲಿ ರಿಟೈರಾದ ಟಿಎಕ್ಸ್‌ಆರ್ ಒಬ್ಬರಿದ್ದಾರೆ. ಟ್ರೇನ್ ಎಗ್ಸಾಮಿನರ್. ಕೆಲಸಕ್ಕಿದ್ದಷ್ಟು ಕಾಲ ವ್ಯಾಗನ್ನುಗಳ ಹೊಟ್ಟೆ ಕೆಳಗೆ ಟಾರ್ಚ್ ಬಿಟ್ಟು ನೋಡಿದವರು. ಒಂದು ಸಂಜೆ ಬಂದು ಕನ್ನಡಕ ಏರಿಸಿ, ಹೊಸದಾಗಿ ಹಳೆಯದಾದ ಬಾಕ್ಸ್‌ಎನ್ನನ್ನು ಕೈಗೆತ್ತಿಕೊಂಡರು.

"ನಂಬರ್ ಓದಪ್ಪಾ."

ಹನ್ನೊಂದು ಅಂಕಿ. ಇವನು ಕಣ್ಣು ಕಿರಿದು ಮಾಡಿ ಓದಿದ.

"ಮೊದಲೆರಡು ವ್ಯಾಗನ್ನಿನ ಜಾತಿ. ಆಮೇಲೆರಡು ಯಾವ ರೈಲ್ವೆದು ಅಂತ. ಐದು, ಆರನೇದು ಹುಟ್ಟಿದ ವರ್ಷ. ನಿಂದರಲ್ಲಿ 19 ಅಂತಿದೆ. ಹುಡುಗನಿಗೆ ಮುದುಕನ ಮುಖ ಬರೆದಿದ್ದೀಯಲ್ಲೋ?"

ಇವನು ತಡವರಿಸಿದ. ಅವರು ಬಿಡಲಿಲ್ಲ. ರಿಟರ್ನ್ ಡೇಟ್ ಎಲ್ಲಿ ಅಂತ ಕೇಳಿದರು. ವ್ಯಾಗನ್ ಮತ್ತೆ ವರ್ಕ್‌ಶಾಪಿಗೆ ಯಾವಾಗ ಹೋಗಬೇಕು ಅಂತ ಮೈಮೇಲೆ ಬರೆದಿರುತ್ತಾರೆ. ಅಲ್ಲಿ ಹೊಸ ಬಣ್ಣ ಬೀಳುತ್ತದೆ. ಅಂದರೆ ಕೊಳೆಯ ವಯಸ್ಸು ಹುಟ್ಟಿದ ವರ್ಷಕ್ಕೂ ಹೊಂದಬೇಕು, ಈ ತಾರೀಖಿಗೂ ಹೊಂದಬೇಕು. ಜಾತಕ ಕೂಡಿಸಿದ ಹಾಗೆ.

ಕೊನೆಗೆ ಚಕ್ರದ ಹತ್ತಿರ ಬಂದರು. ಯಾವುದೋ ವಿದೇಶಿ ಮಾಡೆಲ್ ನೋಡಿ ಇವನು ಬೇರಿಂಗ್ ಸುತ್ತ ಕಪ್ಪು ಗ್ರೀಸ್ ಮೆತ್ತಿದ್ದ. ಎಣ್ಣೆ ಹಾಕುತ್ತಿದ್ದ ಹಳೇ ಕಾಲದ ಆಕ್ಸಲ್ ಬಾಕ್ಸಿಗೆ ಅದು ಸರಿ. ಬಾಕ್ಸ್‌ಎನ್ನಿನಲ್ಲಿರೋದು ಸೀಲ್ ಮಾಡಿದ ರೋಲರ್ ಬೇರಿಂಗ್.

"ಗ್ರೀಸ್ ಹೀಗೆ ಆಚೆ ಬಂದಿದೆ ಅಂದ್ರೆ ಸೀಲ್ ಹೋಗಿದೆ. ಬೇರಿಂಗ್ ಬಿಸಿಯಾಗುತ್ತೆ. ಈ ವ್ಯಾಗನ್ನನ್ನ ನಾನು ಮುಂದಕ್ಕೆ ಬಿಡಲ್ಲ. ಸಿಕ್ ಮಾಡ್ತೀನಿ, ರಿಪೇರಿಗೆ ನಿಲ್ಲಿಸ್ತೀನಿ."

"ಸಾರ್, ಒರೆಸಿಬಿಡ್ತೀನಿ."

"ಒರೆಸಿದ್ರೆ ರಿಪೇರಿ ಆಯ್ತೇನೋ? ಸಿಕ್ ಲೈನಿಗೆ ಹಾಕು."

ಭಾವಮೈದ ಒಂದು ಕ್ಷಣ ಪೆಚ್ಚಾದ. ಆಮೇಲೆ ಮುಖ ಅರಳಿತು. ಈಗ ಅವನ ಮಾಡೆಲ್ ರೈಲಿನ ಲೇಔಟಿಗೆ ಒಂದು ಸಿಕ್ ಲೈನ್, ಅಂದರೆ ಕೆಟ್ಟ ವ್ಯಾಗನ್ ನಿಲ್ಲಿಸುವ ಹಳಿ, ಬೇಕಾಗಿದೆ. ಮೂರಡಿ ಜಾಗ ಸಾಕಂತೆ. ಆ ಮೂರಡಿಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ ಇದೆ. ಅದನ್ನು ಜರುಗಿಸಲು ಹೇಳುವ ಕೆಲಸ ನನಗೆ ಬಿದ್ದಿದೆ.