ಯೂರಿಯಾ ಹೋಗಿ ಫರಸಿ ಆಯ್ತು

ಹೋದ ವರ್ಷ ಮುಂಗಾರಿನ್ಯಾಗ ಯೂರಿಯಾ ಖಾಲಿ ಆಗ್ಲಕತ್ಯಾದ ಅಂತ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು ನೋಡ್ರಿ, ಕಲಬುರಗಿಯ ಒಂದು ಗೊಬ್ಬರದಂಗಡಿ ಮುಂದ ಬೆಳಿಗ್ಗೆ ಆರಕ್ಕ ಪಾಳಿ ಹಚ್ಚಿ, ಆಧಾರ್ ತೋರ್ಸಿ, ಹೆಬ್ಬೆಟ್ಟು ಒತ್ತಿ, 45 ಕೆಜಿದು ನಾಕು ಚೀಲ ಟಂಟಂದಾಗ ಹಾಕ್ಕೊಂಡು ರಾಜನಂಗ ಊರಿಗೆ ಬಂದೆ. ಚೀಲಕ್ಕ 266 ರೂಪಾಯಿ 50 ಪೈಸೆ. ಆ 50 ಪೈಸೆ ಯಾರು ಕೊಡ್ತಾರ, ಯಾರು ತಗೋತಾರ, ಅದು ಬ್ಯಾರೆ ಕಥಿ.

ಅವ್ವ ನೋಡಿ, "ನಮ್ಮದು ತೊಗರಿ ಹೊಲ, ತೊಗರಿಗ್ಯಾಕೋ ಇಷ್ಟು ಯೂರಿಯಾ?" ಅಂದಳು. ಖರೇ ಅದ, ತೊಗರಿ ಬೇರಿನ ಗಂಟಿನ್ಯಾಗಿನ ಜೀವಾಣು ಯೂರಿಯಾದಾಗ ಇರೋ ಸಾರಜನಕಾನ ಗಾಳಿಯಿಂದ ತಾವೇ ಹಿಡಕೊಡ್ತಾವ. "ಮಂದಿ ಎಲ್ಲಾ ತಗೊಳ್ಳಕತ್ತಿದ್ರವ್ವ" ಅಂದೆ.

ಒಂದು ಚೀಲ ಬಿಚ್ಚಿ, ತೊಗರಿ ಬಾಜೂಕ ಇದ್ದ ಒಂದಿಷ್ಟು ಹತ್ತಿಗೆ ಅರ್ಧ ಹಾಕಿದೆ. ಉಳಿದದ್ದು ಹಿಂದಿನ ಖೋಲ್ಯಾಗ, ಶಹಾಬಾದಿ ಫರಸಿ ಕಲ್ಲಿನ ನೆಲದ ಮ್ಯಾಲ, ಗೋಡಿಗೆ ಒತ್ತಿ ಒಂದರ ಮ್ಯಾಲ ಒಂದು. ಬಿಚ್ಚಿದ ಚೀಲದ ಬಾಯಿ ಕಟ್ಟಿರಲಿಲ್ಲ. ಶ್ರಾವಣದ ಮಳಿ ಹತ್ತಿ, ಫರಸಿ ಬೆವರಿ, ಗೋಡಿ ಹಸಿ ಆಗಿ... ದಸರಾಕ್ಕ ಹೋಗಿ ಕೈ ಹಾಕಿದ್ರ ಚೀಲದಾಗ ಇನ್ನೊಂದು ಫರಸಿ!

ಅಣ್ಣನ ಮಗ ಬಿಸ್ಕಿಟ್ ಪುಡಾ ಹುಡುಕಿದಂಗ ಚೀಲ ಹಿಂದ ಮುಂದ ತಿರುಗಿಸಿ, "ಕಾಕಾ, ಎಕ್ಸ್‌ಪೈರಿ ಡೇಟ್ ಎಲ್ಲದ?" ಅಂದ. ಗೊತ್ತಿದ್ದ ಕೃಷಿ ಸಾಹೇಬ್ರಿಗೆ ಫೋನ್ ಹಚ್ಚಿದ್ರ ಅವರು ನಕ್ಕರು. ಯೂರಿಯಾ ಹಾಲಲ್ರಿ ಒಡೀಲಿಕ್ಕ, ಗಾಳಿಯಾಗಿನ ಹಸಿ ಹೀರಿ ಗಡ್ಡಿ ಕಟ್ಯಾದ ಅಷ್ಟೇ, ಒಡದು ಪುಡಿ ಮಾಡಿ ಹಾಕ್ರಿ, ಕಸುವು ಹೋಗಿಲ್ಲ, ಮುಂದಿನ ಸಲ ಕೆಳಗ ಕಟಗಿ ಹಲಗಿ ಇಟ್ಟು, ಗೋಡಿಯಿಂದ ದೂರ, ಬಾಯಿ ಬಿಗಿ ಕಟ್ಟಿ ಇಡ್ರಿ ಅಂದ್ರು.

ಒಡೀರಿ ಅನ್ನೋದು ಹಗುರ! ಸುತ್ತಿಗಿ ಹಿಡಿ ಮುರೀತು, ಕಬ್ಬಿಣದ ಹಾರಿ ತಂದೆ, ಒಂದು ಏಟಿಗೆ ಚೂರು ಹಾರಿ ಅಂಗಳದ ತುಂಬ ಸಾಬುದಾಣಿ ಚೆಲ್ಲಿದಂಗ ಆಯ್ತು, ಅಷ್ಟರಾಗ ನಮ್ಮ ಎಮ್ಮಿ ಹಗ್ಗ ಕಿತ್ಕೊಂಡು ಮೂತಿ ಚಾಚಿ ಬಂತು. ಯೂರಿಯಾ ದನದ ಹೊಟ್ಟಿಗೆ ಹೋದ್ರ ವಿಷ. ಹಾರಿ ಬಿಟ್ಟು, ಚಪ್ಪಲಿ ಬಿಟ್ಟು, ಲುಂಗಿ ಒಂದು ಕೈಯಾಗ ಹಿಡ್ಕೊಂಡು ಓಡಿದೆ. ಎಮ್ಮಿ ನನ್ನ ನೋಡಿ ಗಾಬರಿ ಆಗಿ ತಾನೇ ಗ್ವಾದ್ಲಿಗೆ ಹೋಯ್ತು. ಓಣಿ ಮಂದಿ ನೋಡಿದ್ದು ಮಾತ್ರ ನನ್ನ ಲುಂಗಿ.

ಇಷ್ಟೆಲ್ಲಾ ಸಾಯಲಾರದ ಯೂರಿಯಾಕ್ಕ ಒದ್ದಾಡಿದೆ ಖರೆ, ತೊಗರಿ ಬೀಜಕ್ಕ ಬೆಲ್ಲದ ನೀರಿನ್ಯಾಗ ಹಚ್ಚೋ ರೈಜೋಬಿಯಂ ಪಾಕೀಟು, ಅಂದ್ರ ಅದೇ ಬೇರಿನ ಗಂಟಿನ ಜೀವಾಣು ಇರೋ ಪುಡಿ, ಜೀವ ಇರೋದು, ತಾರೀಖು ಇರೋದು, ಅದನ್ನ ಪತ್ರಾಸಿನ ಕೆಳಗ ಕಿಡಕ್ಯಾಗ ಇಟ್ಟು ಮರ್ತಿದ್ದೆ. ನಮ್ಮ ಬ್ಯಾಸಗಿ ಬಿಸಿಲಿಗೆ ಮನುಷ್ಯರೇ ಉಳಿಯೂದಿಲ್ಲ, ಅದು ಉಳೀತದಾ?

ಈ ಸಲ ಹೊಸಾ ಪಾಕೀಟು ತಂದು ತಂಪಿರಲಿ ಅಂತ ನೀರಿನ ಗಡಗಿ ಹಿಂದ ಇಟ್ಟಿದ್ದೆ. ಊರಿಂದ ಬಂದಿದ್ದ ಬೀಗರು ಮುಂಜಾನೆದ್ದು ಆ ಕರಿ ಪುಡಿ ಅಂಗೈಯಾಗ ಹಾಕ್ಕೊಂಡು, ಬೆರಳಿಂದ ಹಲ್ಲು ತಿಕ್ಕೊಂತ ಬಂದು, "ಹಲ್ಲಪುಡಿ ಭಾಳ ಸಣ್ಣಗದ ನೋಡ್ರಿ, ಎಲ್ಲಿಂದ ತಂದ್ರಿ?" ಅಂದ್ರು.